ಸೈಕಲ್ಲು ಬಂತು, ಸಹಿ ಉಳಿಯಿತು

ಕಳೆದ ತಿಂಗಳ ಎರಡನೆಯ ಭಾನುವಾರ ನಮ್ಮ ಸಂಘದ ಮಹಿಳಾ ವಿಭಾಗದವರು ಒಂದು ಚಲನಚಿತ್ರ ಪ್ರದರ್ಶನವನ್ನು ಏರ್ಪಡಿಸಿದ್ದರು. ಚಿತ್ರ ಕನ್ನಡದ್ದಲ್ಲ, ಹಿಂದಿಯದೂ ಅಲ್ಲ, ಅರಬ್ಬೀ ಭಾಷೆಯದು. ‘ದೆಹಲಿಯ ಈ ಬಿಸಿಲಿನಲ್ಲಿ ಬಸ್ಸು ಹಿಡಿದು ಇದನ್ನು ನೋಡಲು ಯಾರು ಬರುತ್ತಾರೆ?’ ಎಂದು ಮೂಗು ಮುರಿದವರಲ್ಲಿ ನಾನೂ ಒಬ್ಬ. ನನ್ನಾಕೆ ಹೊರಟು ನಿಂತಿದ್ದರಿಂದ ನಾನೂ ಹೊರಟೆ. ಸಭಾಂಗಣದಲ್ಲಿ ಮುಂದಿನ ಸಾಲುಗಳಲ್ಲಿ ಮಹಿಳೆಯರು ತುಂಬಿದ್ದರು. ಹಿಂದೆ ನಾವು ಏಳೆಂಟು ಮಂದಿ ಗಂಡಸರು.

ಚಿತ್ರದ ಹೆಸರು ‘ವಾಜ್ದಾ’. ಸೌದಿ ಅರೇಬಿಯಾದ ಹೈಫಾ ಅಲ್ ಮನ್ಸೂರ್ ಅವರು ನಿರ್ದೇಶಿಸಿದ ಈ ಚಿತ್ರ 2012ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿತು. ಪ್ರದರ್ಶನ ಮುಗಿದು ಚಹಾ ಕುಡಿಯುವಾಗ ಹಿರಿಯರೊಬ್ಬರು, ‘ಇದೆಲ್ಲ ಹಳೆಯ ಕಥೆ ಸ್ವಾಮಿ. ಈಗ ಅಲ್ಲಿ ಹೆಂಗಸರು ಕಾರನ್ನೇ ಓಡಿಸುತ್ತಾರೆ, ಸೈಕಲ್ಲಿನ ಮಾತೇನು?’ ಎಂದರು. ಅಲ್ಲಿದ್ದ ಹಲವರು ತಲೆದೂಗಿದರು. ನನಗೆ ಮಾತ್ರ ಹಾಗೆ ತಲೆದೂಗಲು ಆಗಲಿಲ್ಲ. ಏಕೆ ಆಗಲಿಲ್ಲ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕಥೆ ಸರಳವಾದದ್ದು. ರಿಯಾದ್ ನಗರದ ಹತ್ತು ವರ್ಷದ ಹುಡುಗಿ ವಾಜ್ದಾಳಿಗೆ ಅಂಗಡಿಯಲ್ಲಿ ಕಂಡ ಹಸಿರು ಬಣ್ಣದ ಸೈಕಲ್ಲಿನ ಮೇಲೆ ಮನಸ್ಸು. ಅದರ ಬೆಲೆ 800 ರಿಯಾಲ್. ನೆರೆಮನೆಯ ಹುಡುಗ ಅಬ್ದುಲ್ಲಾನನ್ನು ಪಂದ್ಯದಲ್ಲಿ ಸೋಲಿಸಬೇಕೆಂಬುದು ಅವಳ ಹಟ. ಸೈಕಲ್ಲು ತುಳಿದ ಹುಡುಗಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂದು ತಾಯಿ ಹೆದರಿಸುತ್ತಾಳೆ. ಹುಡುಗಿ ಕೈಬಳೆ ಹೆಣೆದು ಸಹಪಾಠಿಗಳಿಗೆ ಮಾರಿ ಚಿಲ್ಲರೆ ಕೂಡಿಸುತ್ತಾಳೆ. ಅದು ಸಾಲದಾದಾಗ ಶಾಲೆಯ ಕುರಾನ್ ಪಠಣ ಸ್ಪರ್ಧೆಗೆ ಹೆಸರು ಕೊಡುತ್ತಾಳೆ. ಅಲ್ಲಿ ಬಹುಮಾನ 1000 ರಿಯಾಲ್. ಕಷ್ಟಪಟ್ಟು ಕಲಿತು ಗೆದ್ದೇ ಬಿಡುತ್ತಾಳೆ. ‘ಈ ಹಣದಿಂದ ಏನು ಮಾಡುವೆ?’ ಎಂದು ಮುಖ್ಯೋಪಾಧ್ಯಾಯಿನಿ ವೇದಿಕೆಯ ಮೇಲೆ ಕೇಳಿದಾಗ, ಸೈಕಲ್ಲು ಕೊಳ್ಳುವೆನೆಂದು ಹುಡುಗಿ ನಿಜವನ್ನೇ ಹೇಳುತ್ತಾಳೆ. ಹಣ ಅವಳ ಕೈಗೆ ಬರುವುದಿಲ್ಲ. ಪ್ಯಾಲೆಸ್ಟೈನಿಗೆ ದಾನವಾಗಿ ಹೋಗುತ್ತದೆ. ಇತ್ತ ಮನೆಯಲ್ಲಿ ಗಂಡುಮಗು ಆಗಲಿಲ್ಲವೆಂದು ತಂದೆ ಇನ್ನೊಂದು ಮದುವೆಗೆ ಹೊರಟಿದ್ದಾನೆ. ಗಂಡನ ಮನಸ್ಸನ್ನು ತಿರುಗಿಸಲು ಕೆಂಪು ಉಡುಪೊಂದನ್ನು ಕೊಳ್ಳಬೇಕೆಂದಿದ್ದ ತಾಯಿ, ಕೊನೆಗೆ ಆ ಹಣದಲ್ಲಿ ಮಗಳಿಗೆ ಸೈಕಲ್ಲನ್ನು ಕೊಳ್ಳುತ್ತಾಳೆ.

ಕಥೆಯನ್ನು ಹೀಗೆ ಹೇಳಿಬಿಟ್ಟರೆ ಕಣ್ಣೀರಿನ ಚಿತ್ರವೆಂದು ತೋರಬಹುದು. ಆದರೆ ಇದು ನಗಿಸುವ ಚಿತ್ರ. ಕರಿಯ ಬೂಟನ್ನೇ ಹಾಕಬೇಕೆಂದು ಶಾಲೆಯಲ್ಲಿ ಗದರಿಸಿದರೆ, ಈ ಹುಡುಗಿ ತನ್ನ ಹಳೆಯ ಕ್ಯಾನ್ವಾಸ್ ಬೂಟಿನ ಬಿಳಿಯ ಭಾಗಕ್ಕೆಲ್ಲ ಕಪ್ಪು ಬಣ್ಣ ಬಳಿಯುತ್ತಾಳೆ. ನಿಯಮವನ್ನು ಮುರಿಯಲೂ ಇಲ್ಲ, ಪಾಲಿಸಲೂ ಇಲ್ಲ. ಕಚೇರಿಯಲ್ಲಿ ಇಪ್ಪತ್ತು ವರ್ಷ ಸುತ್ತೋಲೆಗಳ ನಡುವೆ ಬದುಕಿದ ನನಗೆ ಈ ಜಾಣತನ ಬಹಳ ಹಿಡಿಸಿತು. ವಾಜ್ದಾ ಪಾತ್ರದ ವಾದ್ ಮೊಹಮ್ಮದ್ ಎಂಬ ಬಾಲೆ ಅಭಿನಯಿಸುತ್ತಿದ್ದಾಳೆಂದು ಎಲ್ಲಿಯೂ ಅನ್ನಿಸುವುದಿಲ್ಲ. ತಾಯಿಯಾಗಿ ರೀಮ್ ಅಬ್ದುಲ್ಲಾ ಅವರದು ಇನ್ನೂ ಕಠಿಣವಾದ ಕೆಲಸ: ಬುದ್ಧಿವಂತೆ, ಶಿಕ್ಷಕಿ, ಸಂಪಾದಿಸುವವಳು; ಆದರೂ ಗಂಡ ಮೆಚ್ಚಿದ ನೀಳಕೂದಲನ್ನು ಕಾಪಾಡಿಕೊಂಡು ಅವನ ದಾರಿ ಕಾಯುವವಳು. ಅವಳು ಕೊನೆಯಲ್ಲಿ ಕೂದಲನ್ನು ಕತ್ತರಿಸಿಕೊಂಡು ಮಹಡಿಯ ಮೇಲೆ ನಿಂತಾಗ ಭಾಷಣದ ಅಗತ್ಯ ಕಾಣುವುದಿಲ್ಲ.

ಇಡಿಯಾಗಿ ಸೌದಿ ನೆಲದಲ್ಲೇ ಚಿತ್ರೀಕರಣಗೊಂಡ ಮೊದಲ ಕಥಾಚಿತ್ರವೆಂದು ಇದಕ್ಕೆ ಹೆಸರು. ಆಗ ಆ ದೇಶದಲ್ಲಿ ಸಿನಿಮಾ ಮಂದಿರಗಳೇ ಇರಲಿಲ್ಲ. ಅವು ಮತ್ತೆ ತೆರೆದದ್ದು 2018ರಲ್ಲಿ. ರಸ್ತೆಯಲ್ಲಿ ಪರಪುರುಷರೊಡನೆ ನಿಂತು ಕೆಲಸ ಮಾಡುವಂತಿರಲಿಲ್ಲವಾದ್ದರಿಂದ, ಬೀದಿಯ ದೃಶ್ಯಗಳಿಗೆ ನಿರ್ದೇಶಕಿ ವ್ಯಾನಿನೊಳಗೆ ಕುಳಿತು ವಾಕಿಟಾಕಿಯ ಮೂಲಕ ಸೂಚನೆ ಕೊಡಬೇಕಾಯಿತು. ತಾನೇ ಮರೆಯಲ್ಲಿದ್ದು, ಮರೆಗೆ ದೂಡಲ್ಪಟ್ಟವರ ಕಥೆಯನ್ನು ಹೇಳಿದ ಆಕೆಯ ತಾಳ್ಮೆಗೆ ನಮಸ್ಕರಿಸಬೇಕು.

ಈಗ ಹಿರಿಯರ ಮಾತಿಗೆ ಬರೋಣ. ಕಥೆ ಹಳೆಯದಾಯಿತೇ?

ಬದಲಾವಣೆ ಆಗಿಲ್ಲವೆಂದರೆ ಅದು ಸುಳ್ಳಾಗುತ್ತದೆ. ಸೌದಿ ಅರೇಬಿಯಾದಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಶಾಲೆಗಳು ತೆರೆದದ್ದೇ 1960ರಲ್ಲಿ. ಆ ಶಾಲೆಗಳೂ ಬಹುಕಾಲ ಧಾರ್ಮಿಕ ಅಧಿಕಾರಿಗಳ ಉಸ್ತುವಾರಿಯಲ್ಲಿದ್ದವು. 2002ರ ಮಾರ್ಚಿಯಲ್ಲಿ ಮೆಕ್ಕಾದ ಬಾಲಿಕಾ ಶಾಲೆಯೊಂದಕ್ಕೆ ಬೆಂಕಿ ಬಿದ್ದು 15 ಹುಡುಗಿಯರು ಸತ್ತರು. ತಲೆ ಮುಚ್ಚದೆ ಓಡಿಬಂದವರನ್ನು ಧಾರ್ಮಿಕ ಪೊಲೀಸರು ತಡೆದರೆಂದು ಅಲ್ಲಿನ ಪತ್ರಿಕೆಗಳೇ ಬರೆದವು. ಆ ವರ್ಷವೇ ಹೆಣ್ಣುಮಕ್ಕಳ ಶಿಕ್ಷಣ ಸಾಮಾನ್ಯ ಶಿಕ್ಷಣ ಸಚಿವಾಲಯಕ್ಕೆ ವರ್ಗವಾಯಿತು. 2013ರಲ್ಲಿ 150 ಸದಸ್ಯರ ಸಲಹಾ ಮಂಡಲಿಗೆ ಮೊದಲ ಬಾರಿಗೆ 30 ಮಹಿಳೆಯರು ಬಂದರು. ‘ವಾಜ್ದಾ’ ಚಿತ್ರದಲ್ಲಿ ಅಬ್ದುಲ್ಲಾನ ಚಿಕ್ಕಪ್ಪ ಚುನಾವಣೆಗೆ ನಿಂತಿದ್ದಾನೆ, ಪ್ರಚಾರದ ದೀಪಗಳು ವಾಜ್ದಾಳ ಮನೆಯ ಮಹಡಿಯಲ್ಲಿ ಉರಿಯುತ್ತವೆ, ಆ ಮನೆಯ ಹೆಂಗಸಿಗೆ ಮಾತ್ರ ಮತವಿಲ್ಲ. 2015ರ ಪೌರಸಭಾ ಚುನಾವಣೆಯಲ್ಲಿ ಮಹಿಳೆಯರು ಮತ ಹಾಕಿದರು, ಸ್ಪರ್ಧಿಸಿ ಗೆದ್ದವರೂ ಇದ್ದರು. 2018ರ ಜೂನ್ 24ರಂದು ಕಾರು ಓಡಿಸುವ ಹಕ್ಕು ಬಂತು. 2019ರಲ್ಲಿ 21 ವರ್ಷ ದಾಟಿದ ಮಹಿಳೆ ತಾನೇ ಪಾಸ್‌ಪೋರ್ಟ್ ಪಡೆಯಬಹುದು, ಯಾರ ಅಪ್ಪಣೆಯೂ ಇಲ್ಲದೆ ಪ್ರವಾಸ ಮಾಡಬಹುದು ಎಂದಾಯಿತು. ದುಡಿಯುವ ಮಹಿಳೆಯರ ಪ್ರಮಾಣವನ್ನು ಶೇಕಡ 22ರಿಂದ 2030ರ ವೇಳೆಗೆ ಶೇಕಡ 30ಕ್ಕೆ ಏರಿಸುವುದಾಗಿ 2016ರಲ್ಲಿ ಸರಕಾರ ಸಾರಿತ್ತು. ಆ ಗುರಿಯನ್ನು ಎಷ್ಟೋ ವರ್ಷ ಮೊದಲೇ ದಾಟಿ ಆಗಿದೆ. ಇವೆಲ್ಲ ಸಣ್ಣ ಮಾತಲ್ಲ. ಚಿತ್ರದ ತಾಯಿ ಸುಡುವ ವ್ಯಾನಿನಲ್ಲಿ ದೂರದ ಶಾಲೆಗೆ ಹೋಗಿಬರುವುದನ್ನು ನೋಡಿದವರಿಗೆ, ಅವಳ ಕೈಗೆ ಬಂದ ಕಾರಿನ ಬೀಗದ ಕೈಯ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಾನು ವೃತ್ತಿಯಿಂದ ಗುಮಾಸ್ತ. ಕಡತವನ್ನು ಬಿಚ್ಚಿದರೆ ನನ್ನ ಕಣ್ಣು ಮೊದಲು ಹೋಗುವುದು ಕೊನೆಯ ಪುಟದ ಸಹಿಗೆ. ಸೌದಿ ಅರೇಬಿಯಾದ ಹೆಣ್ಣಿನ ಬದುಕೆಲ್ಲ ದೀರ್ಘಕಾಲ ಒಂದು ಸಹಿಯ ಮೇಲೆ ನಿಂತಿತ್ತು. ತಂದೆ, ಇಲ್ಲವೆ ಗಂಡ, ಇಲ್ಲವೆ ಅಣ್ಣತಮ್ಮ, ಕೆಲವೊಮ್ಮೆ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಅವಳ ‘ವಲಿ’, ಎಂದರೆ ಪಾಲಕ. ಇದೇ ನಿರ್ದೇಶಕಿಯ 2019ರ ಚಿತ್ರ ‘ದಿ ಪರ್ಫೆಕ್ಟ್ ಕ್ಯಾಂಡಿಡೇಟ್’ ಅನ್ನು ಬಳಿಕ ಮನೆಯಲ್ಲಿ ಮಗಳ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಅದರ ನಾಯಕಿ ವೈದ್ಯೆ. ವಿಮಾನ ನಿಲ್ದಾಣಕ್ಕೆ ತಾನೇ ಕಾರು ಓಡಿಸಿಕೊಂಡು ಬರುತ್ತಾಳೆ. ಆದರೆ ತಂದೆ ಕೊಟ್ಟ ಪ್ರವಾಸದ ಅನುಮತಿಯ ಅವಧಿ ಮುಗಿದಿದೆಯೆಂದು ಅಲ್ಲಿಂದ ಮುಂದೆ ಬಿಡುವುದಿಲ್ಲ. ಸಹಿಗಾಗಿ ಅಲೆಯುತ್ತ ಅಲೆಯುತ್ತ ಅವಳು ಚುನಾವಣೆಯ ಅಭ್ಯರ್ಥಿಯಾಗಿಬಿಡುತ್ತಾಳೆ! ಕಾರಿನ ಹಕ್ಕಿಗೂ ಸಹಿಯ ಹಕ್ಕಿಗೂ ಇರುವ ಅಂತರ ಆ ಒಂದು ದೃಶ್ಯದಲ್ಲಿ ಇದೆ.

ಪ್ರವಾಸದ ಆ ಸಹಿ ಆ ವರ್ಷವೇ ರದ್ದಾಯಿತು. ಆದರೆ 2022ರಲ್ಲಿ ಬಂದ ಕುಟುಂಬ ಕಾನೂನು ಮದುವೆಯ ಸಹಿಯನ್ನು ಹಾಗೆಯೇ ಉಳಿಸಿತು. ಹೆಣ್ಣಿನ ಒಪ್ಪಿಗೆ ಬೇಕು ನಿಜ, ಆದರೆ ಮದುವೆಯ ಕರಾರನ್ನು ಮಾಡಿಕೊಡುವವನು ವಲಿ. ಅವನು ವಿನಾಕಾರಣ ಹಟ ಹಿಡಿದರೆ ಅವಳು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ತಕ್ಕ ಕಾರಣವಿಲ್ಲದೆ ಗಂಡನ ಮನೆಗೆ ಹೋಗಲೊಲ್ಲದ ಹೆಂಡತಿ ಜೀವನಾಂಶವನ್ನು ಕಳೆದುಕೊಳ್ಳಬಹುದು. ಹಿಂದೆ ರೂಢಿಯಲ್ಲಿದ್ದುದು ಈಗ ಶಾಸನದ ಕಲಮುಗಳಾಗಿದೆ.

ಇದಕ್ಕಿಂತ ಯೋಚನೆಗೆ ಹಚ್ಚುವ ಸಂಗತಿ ಇನ್ನೊಂದಿದೆ. ಹಕ್ಕನ್ನು ಕೇಳಿದವರ ಗತಿ ಏನಾಯಿತು? 1990ರ ನವೆಂಬರ್ 6ರಂದು ರಿಯಾದಿನಲ್ಲಿ 47 ಮಹಿಳೆಯರು ಕಾರು ಓಡಿಸಿ ಕೆಲಸ ಕಳೆದುಕೊಂಡರು, ಮಸೀದಿಗಳ ಪ್ರವಚನಗಳಲ್ಲಿ ಬೈಗುಳ ತಿಂದರು. 2011ರಲ್ಲಿ ಮನಾಲ್ ಅಲ್ ಶರೀಫ್ ಕಾರು ಓಡಿಸಿ ಸೆರೆಗೆ ಹೋದರು. 2018ರಲ್ಲಿ ನಿಷೇಧ ತೆಗೆಯಲು ಕೆಲವೇ ವಾರ ಇರುವಾಗ, ಆ ಹಕ್ಕಿಗಾಗಿ ಹೋರಾಡಿದ್ದ ಲುಜೈನ್ ಅಲ್ ಹಥ್ಲೂಲ್ ಮುಂತಾದವರನ್ನು ಬಂಧಿಸಲಾಯಿತು. ಆಕೆ ಹೊರಬಂದದ್ದು 2021ರ ಫೆಬ್ರವರಿಯಲ್ಲಿ, ಅದೂ ದೇಶ ಬಿಡಬಾರದೆಂಬ ಕಟ್ಟಳೆಯೊಡನೆ. 2022ರಲ್ಲಿ ಸಲ್ಮಾ ಅಲ್ ಶಿಹಾಬ್ ಎಂಬ ಸಂಶೋಧನಾ ವಿದ್ಯಾರ್ಥಿನಿಗೆ ಟ್ವಿಟರಿನ ಬರಹಗಳಿಗಾಗಿ 34 ವರ್ಷದ ಶಿಕ್ಷೆ ಬಿತ್ತು. ಮುಂದೆ ಶಿಕ್ಷೆಯನ್ನು ಇಳಿಸಿ 2025ರಲ್ಲಿ ಬಿಟ್ಟರು. ಬಾಗಿಲು ತೆರೆಯುತ್ತೇವೆ, ಆದರೆ ತಟ್ಟಿದ್ದರಿಂದ ತೆರೆಯಿತೆಂದು ಯಾರೂ ಹೇಳಬಾರದು ಎಂಬಂತಿದೆ ಈ ನಡವಳಿಕೆ. ಕೇಳಿ ಪಡೆದದ್ದು ಹಕ್ಕು. ಕೇಳಿದವರನ್ನು ಒಳಗೆ ಹಾಕಿ ಉಳಿದವರಿಗೆ ಹಂಚಿದ್ದು ಇನಾಮು. ಇನಾಮನ್ನು ಕೊಟ್ಟವರು ಹಿಂದಕ್ಕೂ ತೆಗೆದುಕೊಳ್ಳಬಲ್ಲರು.

ಇದನ್ನು ಓದಿ ‘ಅವರ ಧರ್ಮವೇ ಹಾಗೆ’ ಎಂದು ಯಾರಾದರೂ ಅಂದರೆ ಅದು ತಪ್ಪು. ಕಾರಿನ ನಿಷೇಧ 2018ರ ಹೊತ್ತಿಗೆ ಮುಸಲ್ಮಾನರ ಬೇರೆ ಯಾವ ದೇಶದಲ್ಲಿಯೂ ಇರಲಿಲ್ಲ. ವಾಜ್ದಾ ತನ್ನ ಧರ್ಮಗ್ರಂಥವನ್ನು ಎಲ್ಲರಿಗಿಂತ ಚೆನ್ನಾಗಿ ಓದಿಯೇ ಗೆದ್ದವಳು. ಅವಳಿಂದ ಬಹುಮಾನವನ್ನು ಕಿತ್ತುಕೊಂಡದ್ದು ಗ್ರಂಥವಲ್ಲ, ಕುರ್ಚಿ.

ಇಷ್ಟು ಹೊಗಳಿದ ಮೇಲೆ ಚಿತ್ರದ ಕೊರತೆಗಳನ್ನೂ ಹೇಳಬೇಕು. ಮೊದಲನೆಯದು, ಇಲ್ಲಿ ಸರಕಾರ ಎಲ್ಲಿಯೂ ಕಾಣುವುದಿಲ್ಲ. ಕೆಡುಕೆಲ್ಲ ಕಟುನಾಲಿಗೆಯ ಮುಖ್ಯೋಪಾಧ್ಯಾಯಿನಿಯ ಮೇಲೆ ಮತ್ತು ಮೆತ್ತನೆಯ ತಂದೆಯ ಮೇಲೆ ಬಂದು ನಿಲ್ಲುತ್ತದೆ. ಅನುಮತಿ ಪಡೆದು ಚಿತ್ರ ತೆಗೆದವರ ಕಷ್ಟ ಅರ್ಥವಾಗುತ್ತದೆ; ಆದರೂ ಕೊರತೆ ಕೊರತೆಯೇ.

ಎರಡನೆಯದು ನಮ್ಮಂಥ ವಲಸಿಗರಿಗೆ ಹೆಚ್ಚು ನಾಟುವಂಥದ್ದು. ತಾಯಿಯ ವ್ಯಾನಿನ ಚಾಲಕ ಇಕ್ಬಾಲ್ ಎಂಬ ಪರದೇಶಿ. ಅವನು ಸಿಡುಕಿ ಕೆಲಸ ಬಿಟ್ಟಾಗ, ಮಕ್ಕಳಿಬ್ಬರೂ ಅವನ ಕೋಣೆಗೆ ಹೋಗುತ್ತಾರೆ; ಚಿಕ್ಕಪ್ಪನಿಗೆ ಹೇಳಿ ದೇಶದಿಂದ ಓಡಿಸುತ್ತೇನೆಂದು ಅಬ್ದುಲ್ಲಾ ಬೆದರಿಸುತ್ತಾನೆ. ಸಭಾಂಗಣದಲ್ಲಿ ನಗೆ ಎದ್ದಿತು, ನಾನೂ ನಕ್ಕೆ. ಆಮೇಲೆ ನಗು ಗಂಟಲಲ್ಲಿ ನಿಂತಿತು. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟು ಮನೆಗಳ ಒಲೆ ಇಂಥ ಇಕ್ಬಾಲರ ಸಂಪಾದನೆಯಿಂದ ಉರಿದಿಲ್ಲ! ಚಿತ್ರ ಬಂದ ಕಾಲದಲ್ಲಿ ಅವನು ಕೆಲಸ ಬದಲಿಸಲು, ದೇಶ ಬಿಡಲು ಸಹ ಮಾಲಿಕನ, ಎಂದರೆ ‘ಕಫೀಲ’ನ, ಸಹಿ ಬೇಕಿತ್ತು. ಅತ್ತ ಹೆಣ್ಣಿಗೆ ವಲಿ, ಇತ್ತ ಕೂಲಿಗೆ ಕಫೀಲ. ಎರಡೂ ಒಂದೇ ಕಾಗದದ ಎರಡು ಮಗ್ಗುಲು. ನಿರ್ದೇಶಕಿಗೆ ಒಂದು ಮಗ್ಗುಲು ಸ್ಪಷ್ಟವಾಗಿ ಕಂಡಿದೆ, ಇನ್ನೊಂದು ನಗೆಚಾಟಿಕೆಯಾಗಿ ಹೋಗಿದೆ.

ಕೊನೆಗೆ, ಇಡೀ ಚಿತ್ರದಲ್ಲಿ ನನ್ನನ್ನು ಮನೆಯವರೆಗೂ ಹಿಂಬಾಲಿಸಿದ ದೃಶ್ಯ ಸೈಕಲ್ಲಿನದಲ್ಲ. ಮನೆಯ ಗೋಡೆಯ ಮೇಲೆ ತಂದೆಯ ವಂಶವೃಕ್ಷದ ಪಟವಿದೆ. ಅದರಲ್ಲಿ ಗಂಡಸರ ಹೆಸರುಗಳು ಮಾತ್ರ. ವಾಜ್ದಾ ಒಂದು ಚೀಟಿಯಲ್ಲಿ ತನ್ನ ಹೆಸರು ಬರೆದು ತಂದೆಯ ಹೆಸರಿಗೆ ಅಂಟಿಸುತ್ತಾಳೆ. ಮತ್ತೆ ನೋಡುವಾಗ ಚೀಟಿ ಅಲ್ಲಿಲ್ಲ.

ಹನ್ನೊಂದು ವರ್ಷದ ಕೆಳಗೆ ನಮ್ಮ ತಂದೆ ತೀರಿಕೊಂಡಾಗ ಅರಸೀಕೆರೆಯ ಕಡೆಯ ನಮ್ಮ ಎರಡು ಎಕರೆ ತೆಂಗಿನ ತೋಟದ ಖಾತೆ ಬದಲಾಯಿಸಬೇಕಾಗಿತ್ತು. ಅಜ್ಜ ಬರೆದಿಟ್ಟ ವಂಶಾವಳಿಯಲ್ಲಿ ಏಳು ತಲೆಮಾರಿನ ಗಂಡಸರಿದ್ದರು, ಹೆಣ್ಣು ಒಂದೂ ಇಲ್ಲ. ಕಂದಾಯ ಇಲಾಖೆಯ ವಂಶವೃಕ್ಷದಲ್ಲಿ ಅಕ್ಕಂದಿರಿಬ್ಬರ ಹೆಸರೂ ಬರಲೇಬೇಕು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ ಬಂದಿದೆ. ಹೆಸರು ಬರೆಸಿದೆ. ಮರುವಾರವೇ ಹಕ್ಕುಬಿಡುಗಡೆ ಪತ್ರವನ್ನು ಸಿದ್ಧಪಡಿಸಿಕೊಂಡು ಇಬ್ಬರನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದವನೂ ನಾನೇ. ದೊಡ್ಡಕ್ಕ ಕನ್ನಡಕ ಏರಿಸಿಕೊಂಡು, ‘ಎಲ್ಲಿ ಸಹಿ ಹಾಕಬೇಕೋ ತೋರ್ಸೋ ತಮ್ಮ’ ಎಂದಳು. ನಾನು ಬೆರಳಿಟ್ಟು ತೋರಿಸಿದೆ. ಮರದಲ್ಲಿ ಅವರ ಹೆಸರು ಬಂದದ್ದು ಹಕ್ಕನ್ನು ಬಿಟ್ಟುಕೊಡುವುದಕ್ಕಾಗಿ ಮಾತ್ರ. ನಮ್ಮ ಕಾನೂನಿನಲ್ಲಿ ತಪ್ಪಿರಲಿಲ್ಲ, ಬೆರಳು ನನ್ನದು. ಸೌದಿಯವರ ಸಹಿಯ ಬಗ್ಗೆ ಇಷ್ಟು ಬರೆದವನು ಈ ಸಹಿಯನ್ನು ಮುಚ್ಚಿಟ್ಟರೆ ಈ ವಿಮರ್ಶೆ ಪ್ರಾಮಾಣಿಕವಾಗದು ಎಂದು ಇಲ್ಲಿ ಬರೆದಿದ್ದೇನೆ. ಈ ಬಾರಿ ರಜೆಯಲ್ಲಿ ಊರಿಗೆ ಹೋದಾಗ ಅಕ್ಕಂದಿರೊಡನೆ ಕುಳಿತು ಆಡಬೇಕಾದ ಮಾತಿದೆ. ಅದು ಪತ್ರಿಕೆಯಲ್ಲಿ ಆಡುವಂಥದ್ದಲ್ಲ.

ಚಿತ್ರದ ಕೊನೆಯಲ್ಲಿ ವಾಜ್ದಾ ಪಂದ್ಯದಲ್ಲಿ ಗೆದ್ದು, ವಾಹನಗಳು ಹರಿಯುವ ಹೆದ್ದಾರಿಯ ಅಂಚಿಗೆ ಬಂದು ಸೈಕಲ್ಲು ನಿಲ್ಲಿಸಿ ಎಡಬಲ ನೋಡಿ ನಗುತ್ತಾಳೆ. ಮುಂದೇನು ಎಂಬುದನ್ನು ನಿರ್ದೇಶಕಿ ಹೇಳುವುದಿಲ್ಲ. ಆ ಹುಡುಗಿ ಇಂದು ಇಪ್ಪತ್ತು ದಾಟಿದ ಯುವತಿ. ಕಾರು ಓಡಿಸುತ್ತಿರಬಹುದು, ದುಡಿಯುತ್ತಿರಬಹುದು. ಮದುವೆಗೆ ಮಾತ್ರ ಆ ಎರಡನೆಯ ಮದುವೆಯ ತಂದೆಯೇ ಬಂದು ಕರಾರು ಮಾಡಿಕೊಡಬೇಕು. ಕಥೆ ಹಳೆಯದಾಯಿತೆಂದು ನಾನು ಹೇಗೆ ಒಪ್ಪಲಿ?

ಮಹಿಳಾ ವಿಭಾಗದವರಲ್ಲಿ ಒಂದು ಬಿನ್ನಹ: ಮುಂದಿನ ಸಲ ‘ದಿ ಪರ್ಫೆಕ್ಟ್ ಕ್ಯಾಂಡಿಡೇಟ್’ ಅನ್ನೂ ತೋರಿಸಿ. ಮಿತ್ರರಲ್ಲಿ ಇನ್ನೊಂದು ಬಿನ್ನಹ: ಹಿಂದಿನ ಸಾಲುಗಳಲ್ಲಿ ಬೇಕಾದಷ್ಟು ಜಾಗವಿರುತ್ತದೆ, ನೀವೂ ಬನ್ನಿ.