ಮಾತಿಗೆ ಕಾವಲುಂಟು, ಮಾತನಾಡಿದವರಿಗೆ?

ಅಮೆರಿಕದ ವಾಕ್ ಸ್ವಾತಂತ್ರ್ಯವನ್ನು ಮೆಚ್ಚುವವರು ಮೊದಲು ಕೈಮಾಡಿ ತೋರಿಸುವುದು ಅಲ್ಲಿನ ಸುಪ್ರೀಂ ಕೋರ್ಟಿನ ಕಡೆಗೆ. ಆ ಮೆಚ್ಚುಗೆಗೆ ಆಧಾರವಿದೆ. 1969ರಲ್ಲಿ ಓಹಾಯೋದ ಕು ಕ್ಲುಕ್ಸ್ ಕ್ಲಾನ್ ಮುಖಂಡನೊಬ್ಬನ ವಿಷ ಕಾರುವ ಭಾಷಣಕ್ಕೆ ವಿಧಿಸಿದ್ದ ಶಿಕ್ಷೆಯನ್ನು ಕೋರ್ಟ್ ರದ್ದುಮಾಡಿತು. ಕೂಡಲೇ ಅಪರಾಧ ನಡೆಯುವಂತೆ ಎತ್ತಿಕಟ್ಟುವ, ನಡೆದೇಬಿಡುವ ಸಂಭವವೂ ಇರುವ ಮಾತನ್ನು ಮಾತ್ರ ಸರ್ಕಾರ ದಂಡಿಸಬಹುದು ಎಂದಿತು. 1989ರಲ್ಲಿ ರಾಷ್ಟ್ರಧ್ವಜ ಸುಟ್ಟವನನ್ನು ಐದಕ್ಕೆ ನಾಲ್ಕು ಮತಗಳಿಂದ ಕಾಪಾಡಿತು. 2011ರಲ್ಲಿ, ಸತ್ತ ಯೋಧನ ಅಂತ್ಯಕ್ರಿಯೆಯ ಹೊತ್ತಿನಲ್ಲಿ ಹೊಲಸು ಫಲಕ ಹಿಡಿದು ನಿಂತ ವೆಸ್ಟ್‌ಬರೋ ಚರ್ಚಿನವರಿಗೂ ಅದೇ ರಕ್ಷಣೆ ಸಿಕ್ಕಿತು, ಎಂಟಕ್ಕೆ ಒಂದು ಮತದಿಂದ. ಪ್ರಭುತ್ವಕ್ಕೆ ಇಷ್ಟು ಬಿಗಿಯಾಗಿ ಮೂಗುದಾರ ಹಾಕಿರುವ ಕಾನೂನು ಬೇರೆ ದೇಶಗಳಲ್ಲಿ ಸಿಗುವುದು ಕಷ್ಟ. ದೇಶದ್ರೋಹದ ಕಲಮನ್ನು ವಸಾಹತುಶಾಹಿಯಿಂದ ಪಡೆದು ದಶಕಗಟ್ಟಲೆ ಜೋಪಾನ ಮಾಡಿದ ನಾವು ಅದನ್ನು ಕಂಡು ಕೊಂಚ ಅಸೂಯೆಪಟ್ಟರೂ ಸಹಜವೇ. ಆದರೆ ಆದರ್ಶವನ್ನು ತೀರ್ಪುಗಳಿಂದಷ್ಟೇ ಅಳೆಯಲಾಗದು. ಆ ದೇಶದಲ್ಲಿ ಮಾತಿಗಾಗಿ ಜೈಲಿಗೆ ಹೋಗುವ ಭಯ ಬಹುಮಟ್ಟಿಗೆ ತಪ್ಪಿದೆ. ಕೆಲಸ ಹೋಗುವ, ದೇಶ ಬಿಟ್ಟು ಹೋಗಬೇಕಾಗುವ ಭಯ ತಪ್ಪಿಲ್ಲ. ನೆಲೆ ಗಟ್ಟಿ ಇದ್ದವರಿಗೆ ಅಲ್ಲಿ ಸ್ವಾತಂತ್ರ್ಯ ಸಮೃದ್ಧವಾಗಿದೆ, ನೆಲೆ ಸಡಿಲವಾದಷ್ಟೂ ಅದು ಕರಗುತ್ತದೆ ಎಂಬುದು ನನ್ನ ತಕರಾರು.

ವಾಕ್ ಸ್ವಾತಂತ್ರ್ಯಕ್ಕೆ ಕಾವಲಾದ ಮೊದಲ ತಿದ್ದುಪಡಿ ಅಮೆರಿಕದ ಸಂವಿಧಾನಕ್ಕೆ ಸೇರಿದ್ದು 1791ರಲ್ಲಿ. ಆಗಿನಿಂದ ಅದರ ಒಂದಕ್ಷರವೂ ಬದಲಾಗಿಲ್ಲ. ಆದರೂ 1918ರ ಜೂನಿನಲ್ಲಿ ಓಹಾಯೋದ ಕ್ಯಾಂಟನ್‌ನಲ್ಲಿ ಯುದ್ಧದ ವಿರುದ್ಧ ಭಾಷಣ ಮಾಡಿದ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್‌ಗೆ ಹತ್ತು ವರ್ಷ ಸಜೆಯಾಯಿತು. ಅದನ್ನು ಸುಪ್ರೀಂ ಕೋರ್ಟ್ ಒಮ್ಮತದಿಂದ ಎತ್ತಿಹಿಡಿಯಿತು, ತೀರ್ಪು ಬರೆದವರು ಮುಂದೆ ವಾಕ್ ಸ್ವಾತಂತ್ರ್ಯದ ಮಹಾಪುರುಷರೆನಿಸಿಕೊಂಡ ನ್ಯಾಯಮೂರ್ತಿ ಹೋಮ್ಸ್. ಡೆಬ್ಸ್ 1920ರಲ್ಲಿ ಅಟ್ಲಾಂಟಾದ ಜೈಲಿನಿಂದಲೇ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ 9 ಲಕ್ಷಕ್ಕೂ ಹೆಚ್ಚು ಮತ ಪಡೆದರು. ಈ ಕಥೆಯನ್ನು ಹಳೆಯ ಕಾಲದ ತಪ್ಪು, ಆಮೇಲೆ ತಿದ್ದಿಕೊಂಡೆವು ಎಂದು ಹೇಳುವುದು ಅಲ್ಲಿನ ವಾಡಿಕೆ. ತಿದ್ದಿಕೊಂಡಿದ್ದು ನಿಜವೇ. ಆದರೆ ಜೈಲಿನ ಬಾಗಿಲು ಮುಚ್ಚುತ್ತಾ ಬಂದಂತೆ ಬೇರೆ ಬಾಗಿಲುಗಳು ತೆರೆದೇ ಇದ್ದವು. ಅವುಗಳಲ್ಲಿ ಒಂದು ಡೆಬ್ಸ್‌ಗಿಂತ ಹಳೆಯದು. ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಮೆಂಫಿಸ್‌ನಲ್ಲಿ ನಡೆಸುತ್ತಿದ್ದ ಪತ್ರಿಕೆಯ ಹೆಸರೇ ‘ಫ್ರೀ ಸ್ಪೀಚ್’. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದರ ವಿರುದ್ಧ ಬರೆದದ್ದಕ್ಕೆ 1892ರಲ್ಲಿ ಬಿಳಿಯರ ಗುಂಪು ಅದರ ಕಚೇರಿಯನ್ನು ಧ್ವಂಸಮಾಡಿತು, ಆಕೆ ಮತ್ತೆ ಆ ಊರಿನಲ್ಲಿ ಬಾಳಲಾಗಲಿಲ್ಲ. ಆ ಪತ್ರಿಕೆ ಮುಚ್ಚಲು ಸೆನ್ಸಾರ್ ಅಧಿಕಾರಿಯ ಅಗತ್ಯವೇ ಬೀಳಲಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪಣೆಯಿದೆ. ತಿದ್ದುಪಡಿ ಕಟ್ಟಿಹಾಕಿದ್ದು ಸರ್ಕಾರವನ್ನು. ಖಾಸಗಿ ಮಾಲೀಕ ತನಗೆ ಒಪ್ಪದ ನೌಕರನನ್ನು ತೆಗೆಯುವುದು, ಓದುಗ ಒಲ್ಲದ ಪತ್ರಿಕೆಯನ್ನು ಬಿಡುವುದು ಅವರವರ ಸ್ವಾತಂತ್ರ್ಯ. ಮಾತಿಗೆ ಎಲ್ಲರೂ ಚಪ್ಪಾಳೆ ತಟ್ಟಬೇಕೆಂದು ಯಾವ ಸಂವಿಧಾನವೂ ಭರವಸೆ ಕೊಡುವುದಿಲ್ಲ. ಈ ವಾದವನ್ನು ತತ್ವದ ಮಟ್ಟದಲ್ಲಿ ಒಪ್ಪಲೇಬೇಕು. ಆದರೆ ಸರ್ಕಾರ ಮತ್ತು ಖಾಸಗಿ ಎಂಬ ಗೆರೆ ಅಮೆರಿಕದ ಚರಿತ್ರೆಯಲ್ಲಿ ಅಷ್ಟು ನೇರವಾಗಿ ಎಂದೂ ಇರಲಿಲ್ಲ. 1947ರಲ್ಲಿ ಹಾಲಿವುಡ್ಡಿನ ಹತ್ತು ಮಂದಿ ಕಾಂಗ್ರೆಸ್ಸಿನ ಸಮಿತಿಯೊಂದರ ಮುಂದೆ ತಮ್ಮ ರಾಜಕೀಯ ನಂಟನ್ನು ಹೇಳಲು ನಿರಾಕರಿಸಿದರು. ಅವರನ್ನು ಕೆಲಸದಿಂದ ಹೊರಗಿಟ್ಟದ್ದು ಸ್ಟುಡಿಯೋಗಳು, ಅಂದರೆ ಖಾಸಗಿ ಮಾಲೀಕರು. ಆದರೆ ಹೆಸರು ಕೂಗಿದ್ದು, ಸದನದ ಅವಹೇಳನಕ್ಕೆ ಜೈಲಿಗೆ ಕಳಿಸಿದ್ದು ಪ್ರಭುತ್ವ. ಅವರಲ್ಲಿ ಒಬ್ಬರಾದ ಡಾಲ್ಟನ್ ಟ್ರಂಬೋ ಬೇನಾಮಿಯಾಗಿ ಬರೆದ ಚಿತ್ರಕ್ಕೆ 1957ರಲ್ಲಿ ಆಸ್ಕರ್ ಬಂತು. ಪ್ರಶಸ್ತಿ ಘೋಷಣೆಯಾದದ್ದು ಆ ಬೇನಾಮಿ ಹೆಸರಿಗೆ. ಈ ಬಗೆಯ ಒತ್ತಡ ಒಂದೇ ಪಕ್ಷದ ಸ್ವತ್ತೂ ಅಲ್ಲ. ಕೋವಿಡ್ ಕುರಿತ ಪೋಸ್ಟುಗಳನ್ನು ತೆಗೆಯುವಂತೆ ಬೈಡನ್ ಆಡಳಿತ ಜಾಲತಾಣದ ಕಂಪನಿಗಳ ಮೇಲೆ ಒತ್ತಡ ಹಾಕಿತೆಂಬ ದಾವೆ 2024ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ದಾವೆ ಹೂಡುವ ಅರ್ಹತೆ ಅರ್ಜಿದಾರರಿಗಿಲ್ಲವೆಂದು ಕೋರ್ಟ್ ಕೈತೊಳೆದುಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಆಡಳಿತದ ಪ್ರಸಾರ ಆಯೋಗದ ಅಧ್ಯಕ್ಷರು ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ಅವರ ಮಾತಿನ ವಿರುದ್ಧ ಬಹಿರಂಗವಾಗಿ ಗುಡುಗಿದ ಬೆನ್ನಲ್ಲೇ ಎಬಿಸಿ ವಾಹಿನಿ ಅವರ ಕಾರ್ಯಕ್ರಮ ನಿಲ್ಲಿಸಿತು. ಒಂದು ವಾರದೊಳಗೆ ಕಿಮ್ಮೆಲ್ ಮರಳಿ ಬಂದರು. ಅವರ ಬೆನ್ನಿಗೆ ಲಕ್ಷಾಂತರ ವೀಕ್ಷಕರಿದ್ದರು.

ಸರ್ಕಾರವೇ ಮಾಲೀಕನಾದಾಗ ಏನಾಗುತ್ತದೆಂಬುದು ಇನ್ನೂ ಕಟುವಾದ ಪರೀಕ್ಷೆ. ಲಾಸ್ ಏಂಜಲೀಸಿನ ಸರ್ಕಾರಿ ವಕೀಲರೊಬ್ಬರು ಪೊಲೀಸ್ ಪ್ರಮಾಣಪತ್ರವೊಂದರಲ್ಲಿ ತಪ್ಪುಗಳಿವೆ ಎಂದು ಮೇಲಧಿಕಾರಿಗಳಿಗೆ ಟಿಪ್ಪಣಿ ಬರೆದರು. ಅದಕ್ಕೆ ತಮ್ಮ ಮೇಲೆ ಸೇಡು ತೀರಿಸಿಕೊಳ್ಳಲಾಯಿತೆಂದು ದೂರಿದರು. ಕರ್ತವ್ಯದ ಭಾಗವಾಗಿ ಆಡಿದ ಮಾತಿಗೆ ಮೊದಲ ತಿದ್ದುಪಡಿಯ ರಕ್ಷಣೆ ಇಲ್ಲ ಎಂದು 2006ರಲ್ಲಿ ಐದಕ್ಕೆ ನಾಲ್ಕು ಮತಗಳ ತೀರ್ಪು ಬಂತು. ಧ್ವಜ ಸುಡುವವನಿಗಿರುವ ಅಭಯ ಒಳಗಿನ ಲೋಪ ತೋರಿಸುವ ನೌಕರನಿಗಿಲ್ಲ. ಪ್ರಜಾಪ್ರಭುತ್ವಕ್ಕೆ ಯಾವುದರಿಂದ ಹೆಚ್ಚು ಉಪಯೋಗ ಎಂಬುದನ್ನು ಓದುಗರೇ ಯೋಚಿಸಬಹುದು.

ಇನ್ನು ಪರದೇಶದವರು. ಈ ಎಳೆ ನಮ್ಮ ಮನೆಬಾಗಿಲಿಗೂ ಬರುತ್ತದೆ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಅಮೆರಿಕದಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರ ಹೋಂ ರೂಲ್ ಲೀಗಿಗಾಗಿ ದುಡಿದರು. 1916ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದ ಲಜಪತರಾಯರ ‘ಯಂಗ್ ಇಂಡಿಯಾ’ ಪುಸ್ತಕವನ್ನು ಬ್ರಿಟಿಷರು ಭಾರತದಲ್ಲಿ ನಿಷೇಧಿಸಿದರು. ಇಲ್ಲಿ ಹೇಳಿದರೆ ಸೆರೆಮನೆ ಕಾಣಬೇಕಿದ್ದ ಮಾತನ್ನು ಅಲ್ಲಿ ವೇದಿಕೆಯೇರಿ ಹೇಳಬಹುದಿತ್ತು. ಆ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ಕಾಲಕ್ಕೆ, 1919ರ ಡಿಸೆಂಬರಿನಲ್ಲಿ, ಅರಾಜಕತಾವಾದಿ ಎಮ್ಮಾ ಗೋಲ್ಡ್‌ಮನ್ ಸೇರಿದಂತೆ ಸುಮಾರು 250 ಜನರನ್ನು ಒಂದೇ ಹಡಗಿನಲ್ಲಿ ತುಂಬಿ ಗಡೀಪಾರು ಮಾಡಿದರು. ಒಂದು ಕಾಲದಲ್ಲಿ ಕಮ್ಯುನಿಸ್ಟ್ ಪಕ್ಷದಲ್ಲಿದ್ದರೆಂಬ ಕಾರಣಕ್ಕೆ ಪರದೇಶೀಯರನ್ನು ಹೊರಹಾಕುವುದನ್ನು 1952ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. 2025ರ ಮಾರ್ಚಿನಲ್ಲಿ, ಬಾಸ್ಟನ್ ಹತ್ತಿರದ ಟಫ್ಟ್ಸ್ ವಿಶ್ವವಿದ್ಯಾಲಯದ ಟರ್ಕಿಯ ವಿದ್ಯಾರ್ಥಿನಿಯೊಬ್ಬಳ ವೀಸಾ ರದ್ದಾಗಿ, ಮುಸುಕು ಧರಿಸಿದ ಅಧಿಕಾರಿಗಳು ಆಕೆಯನ್ನು ಬೀದಿಯಲ್ಲೇ ಹಿಡಿದು ಲೂಯಿಸಿಯಾನಾದ ಬಂಧನ ಕೇಂದ್ರಕ್ಕೆ ಒಯ್ದರು. ಗಾಜಾದ ಬಗ್ಗೆ ಕ್ಯಾಂಪಸ್ ಪತ್ರಿಕೆಯಲ್ಲಿ ಇತರರ ಜೊತೆ ಸೇರಿ ಬರೆದ ಲೇಖನವೊಂದೇ ಆಕೆಯ ಮೇಲಿದ್ದ ಕಾಣಬಹುದಾದ ‘ಆರೋಪ’. ಆರು ವಾರಗಳ ನಂತರ ನ್ಯಾಯಾಧೀಶರು ಬಿಡುಗಡೆ ಮಾಡಿದರು.

ನ್ಯಾಯಾಲಯ ಬಿಡಿಸಿತಲ್ಲ, ವ್ಯವಸ್ಥೆ ಕೆಲಸ ಮಾಡಿತಲ್ಲ ಎಂದು ಕೇಳಬಹುದು. ಹೌದು, ಅದೇ ವರ್ಷದ ಸೆಪ್ಟೆಂಬರ್ ಕೊನೆಗೆ ಬಾಸ್ಟನ್‌ನ ಫೆಡರಲ್ ನ್ಯಾಯಾಧೀಶ ವಿಲಿಯಂ ಯಂಗ್, ಕಾನೂನುಬದ್ಧವಾಗಿ ನೆಲೆಸಿರುವ ಪರದೇಶೀಯರಿಗೂ ನಾಗರಿಕರಷ್ಟೇ ವಾಕ್ ಸ್ವಾತಂತ್ರ್ಯವಿದೆ ಎಂದು ಖಡಾಖಂಡಿತವಾಗಿ ಬರೆದರು. ಆದರೆ ತೀರ್ಪು ಬರುವ ಹೊತ್ತಿಗೆ, ಆ ವಿದ್ಯಾರ್ಥಿನಿಯನ್ನು ಹಿಡಿದೊಯ್ಯುವ ವಿಡಿಯೋವನ್ನು ದೇಶದ ಕ್ಯಾಂಪಸ್‌ಗಳೆಲ್ಲ ನೋಡಿಯಾಗಿತ್ತು. ಅದು ಹುಟ್ಟಿಸಿದ ಭಯ ಕ್ಯಾಂಪಸ್ಸಿಗಷ್ಟೇ ಸೀಮಿತವಲ್ಲ. ಎಚ್-1ಬಿ ವೀಸಾದ ಮೇಲೆ ಬೆಂಗಳೂರಿನಿಂದ ಹೋದ ಎಂಜಿನಿಯರನಿಗೆ ಕೆಲಸ ಮತ್ತು ನೆಲೆ ಬೇರೆಬೇರೆಯಲ್ಲ: ನೌಕರಿ ಹೋದರೆ ಹೆಚ್ಚೆಂದರೆ 60 ದಿನಗಳಲ್ಲಿ ಇನ್ನೊಂದನ್ನು ಹುಡುಕಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. 2025ರ ಜೂನಿನಿಂದ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕಾಗಿದೆ. ವೀಸಾ ಅಧಿಕಾರಿ ಹೊರದೇಶದಲ್ಲಿ ಕುಳಿತು ‘ಇಲ್ಲ’ ಎಂದರೆ ಅದನ್ನು ಅಮೆರಿಕದ ಕೋರ್ಟುಗಳು ಸಾಮಾನ್ಯವಾಗಿ ಕೆದಕುವುದಿಲ್ಲ. ಬೆಲ್ಜಿಯಂನ ಮಾರ್ಕ್ಸ್‌ವಾದಿ ಅರ್ನೆಸ್ಟ್ ಮ್ಯಾಂಡೆಲ್ ಅವರನ್ನು ಒಳಬಿಡದ ಪ್ರಕರಣದಲ್ಲಿ 1972ರಲ್ಲೇ ಅದು ಸ್ಪಷ್ಟವಾಗಿದೆ. ಹಾಗಾಗಿ ಸಂದರ್ಶನಕ್ಕೆ ಮುನ್ನ ಹುಡುಗನೊಬ್ಬ ತನ್ನ ಹಳೆಯ ಪೋಸ್ಟುಗಳನ್ನು ಅಳಿಸಿದರೆ ಅದು ಯಾವ ಕೋರ್ಟಿನ ಕಡತಕ್ಕೂ ಸೇರುವುದಿಲ್ಲ, ಆ ಕೋರ್ಟು ಎಷ್ಟೇ ಉದಾರವಾಗಿದ್ದರೂ.