ನಾಗರಿಕತೆ ಎಂಬ ನೆಪ: ತಯೀಬ್ ಸಾಲಿಹ್ ಕಾದಂಬರಿಯ ಎರಡು ಸಾವುಗಳು

‘ಪಾಶ್ಚಾತ್ಯ ಸಮಾಜ’ ಮತ್ತು ‘ಮುಸ್ಲಿಂ ಸಮಾಜ’ ಎಂಬ ಜೋಡಿಪದವನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆಂದರೆ, ಒಂದು ದಿಕ್ಕಿನ ಹೆಸರು, ಇನ್ನೊಂದು ಧರ್ಮದ ಹೆಸರು ಎಂಬ ಅಸಮತೆಯೂ ಗಮನಕ್ಕೆ ಬರುವುದಿಲ್ಲ. ೧೯೯೩ರಲ್ಲಿ ಸ್ಯಾಮ್ಯುಯೆಲ್ ಹಂಟಿಂಗ್‌ಟನ್ ಅವರ ‘ನಾಗರಿಕತೆಗಳ ಸಂಘರ್ಷ’ದ ವಾದ ಪ್ರಕಟವಾದ ಮೇಲೆ ಈ ಜೋಡಿಗೆ ಸಿದ್ಧಾಂತದ ಮರ್ಯಾದೆಯೂ ದೊರೆಯಿತು. ಅದಕ್ಕೆ ಇಪ್ಪತ್ತೇಳು ವರ್ಷ ಮೊದಲೇ, ೧೯೬೬ರಲ್ಲಿ, ಸುಡಾನಿನ ತಯೀಬ್ ಸಾಲಿಹ್ ತಮ್ಮ ಅರಬ್ಬಿ ಕಾದಂಬರಿಯಲ್ಲಿ ಈ ವಾದವನ್ನು ನ್ಯಾಯಾಲಯದ ಕಟಕಟೆಗೆ ತಂದು ನಿಲ್ಲಿಸಿದ್ದರು. ಡೆನಿಸ್ ಜಾನ್ಸನ್-ಡೇವಿಸ್ ಅವರ ೧೯೬೯ರ ಇಂಗ್ಲಿಷ್ ಅನುವಾದದ ಮೂಲಕ ನಮ್ಮಲ್ಲಿ ಅನೇಕರು ಓದಿರುವ ಆ ಕೃತಿಯ ಹೆಸರನ್ನು ಕನ್ನಡದಲ್ಲಿ ‘ಉತ್ತರಕ್ಕೆ ವಲಸೆಯ ಋತು’ ಎನ್ನಬಹುದು. ಮೂಲದ ಶೀರ್ಷಿಕೆಯಲ್ಲಿರುವುದು ‘ಹಿಜ್ರಾ’ ಎಂಬ ಪದ. ಹಿಜರಿ ಶಕೆಗೆ ಹೆಸರು ಕೊಟ್ಟ ಪ್ರವಾದಿಯ ಪ್ರಯಾಣದ ನೆನಪು ಅದರಲ್ಲಿದೆ. ಇಂಗ್ಲಿಷಿನ ಪದಕ್ಕಾಗಲಿ ನಮ್ಮ ‘ವಲಸೆ’ಗಾಗಲಿ ಆ ನೆನಪಿಲ್ಲ.

ಬ್ರಿಟಿಷರು ಸುಡಾನನ್ನು ಗೆದ್ದ ೧೮೯೮ರಲ್ಲೇ ಹುಟ್ಟಿದ ಮುಸ್ತಫಾ ಸಯೀದ್ ಲಂಡನ್ನಿನಲ್ಲಿ ಅರ್ಥಶಾಸ್ತ್ರಜ್ಞನಾಗುತ್ತಾನೆ. ತನ್ನ ಕೋಣೆಯನ್ನು ಶ್ರೀಗಂಧ, ಧೂಪ, ಉಷ್ಟ್ರಪಕ್ಷಿಯ ಗರಿಗಳಿಂದ ಅಲಂಕರಿಸಿ, ಇಂಗ್ಲಿಷ್ ಹೆಂಗಸರ ಕಲ್ಪನೆಯ ಪೂರ್ವದೇಶವನ್ನು ಅವರಿಗೇ ಮಾರುತ್ತಾನೆ. ಮುಂದೆ ನೈಲ್ ತೀರದ ಹಳ್ಳಿಯಲ್ಲಿ ಬೀಗ ಹಾಕಿಡುವ ಕೋಣೆಯಲ್ಲಿ ಅಗ್ಗಿಷ್ಟಿಕೆಯಿದೆ, ಇಂಗ್ಲಿಷ್ ಪುಸ್ತಕಗಳಿವೆ; ಕುರಾನ್ ಕೂಡ ಇಂಗ್ಲಿಷಿನಲ್ಲಿದೆ. ಎರಡು ಕೋಣೆಗಳೂ ಬದುಕಲು ಕಟ್ಟಿದವಲ್ಲ, ತೋರಿಕೆಗೆ ಅಥವಾ ಬಚ್ಚಿಡುವುದಕ್ಕೆ ಕಟ್ಟಿದವು. ವಿಮರ್ಶೆ ಈ ಕೋಣೆಗಳ ಮುಂದೆ ಬಹಳ ಹೊತ್ತು ನಿಂತಿದೆ. ನನಗೆ ಹೆಚ್ಚು ಮುಖ್ಯವೆನಿಸುವುದು ಎರಡು ಸಾವುಗಳಿಗೆ ಸುತ್ತಲಿನವರು ಕೊಡುವ ವಿವರಣೆ.

ಮೊದಲನೆಯದು ಲಂಡನ್ನಿನಲ್ಲಿ. ಹೆಂಡತಿ ಜೀನ್ ಮಾರಿಸಳನ್ನು ಕೊಂದ ಮುಸ್ತಫಾನ ಪರವಾಗಿ ವಾದಿಸುವ ಪ್ರಾಧ್ಯಾಪಕ, ಇದು ಒಬ್ಬ ಮನುಷ್ಯನ ಕೃತ್ಯವಲ್ಲ, ಎರಡು ಲೋಕಗಳ ಘರ್ಷಣೆಯ ಫಲ ಎಂದು ಬಿಂಬಿಸುತ್ತಾನೆ. ಇದೆಲ್ಲ ಸುಳ್ಳೆಂದು ಎದ್ದು ಕೂಗಬೇಕೆಂದು ಆರೋಪಿಗೇ ಅನ್ನಿಸುತ್ತದೆ. ಉದಾರವಾಗಿ ಕಾಣುವ ಈ ವಾದ ಅವನ ಅಪರಾಧವನ್ನು ಕಸಿದುಕೊಳ್ಳುವುದರ ಜೊತೆಗೆ ಅವನ ವ್ಯಕ್ತಿತ್ವವನ್ನೂ ಕಸಿದುಕೊಳ್ಳುತ್ತದೆ.

ಎರಡನೆಯದು ಹಳ್ಳಿಯಲ್ಲಿ. ಮುಸ್ತಫಾನ ವಿಧವೆ ಹುಸ್ನಾಳನ್ನು ಎಪ್ಪತ್ತರ ಆಸುಪಾಸಿನ ವದ್ ರಯ್ಯಿಸನಿಗೆ ಅವಳ ತಂದೆ ಬಲವಂತವಾಗಿ ಮದುವೆ ಮಾಡಿಕೊಡುತ್ತಾನೆ. ಮೊದಲೇ ಎಚ್ಚರಿಸಿದ್ದಂತೆ ಅವಳು ಅವನನ್ನು ಕೊಂದು ತಾನೂ ಸಾಯುತ್ತಾಳೆ. ಊರು ಶಪಿಸುವುದು ಅವಳನ್ನು. ಇಲ್ಲಿ ‘ನಮ್ಮ ಪದ್ಧತಿ’ ಎಂಬ ಮಾತು ಲಂಡನ್ನಿನ ವಕೀಲನ ‘ಎರಡು ಲೋಕ’ದ ಕೆಲಸವನ್ನೇ ಮಾಡುತ್ತದೆ: ತೀರ್ಮಾನ ಮಾಡಿದ ಗಂಡಸರು ಯಾರೂ ಉತ್ತರ ಹೇಳಬೇಕಾಗುವುದಿಲ್ಲ.

ಆದರೆ ಈ ಪದ್ಧತಿ ಧರ್ಮದ ಆಜ್ಞೆಯೇ? ಒಮ್ಮೆ ವಿವಾಹವಾಗಿದ್ದ ವಯಸ್ಕ ಸ್ತ್ರೀಯ ಮರುವಿವಾಹಕ್ಕೆ ಅವಳ ಸ್ಪಷ್ಟ ಒಪ್ಪಿಗೆ ಬೇಕೆಂಬುದು ಸುನ್ನಿ ಧರ್ಮಶಾಸ್ತ್ರದ ನಾಲ್ಕೂ ಪಂಥಗಳು ಒಪ್ಪುವ ನಿಯಮ. ಹುಸ್ನಾಳ ನಿರಾಕರಣೆಯ ಹಿಂದೆ ಶಾಸ್ತ್ರವೇ ಇತ್ತು. ಊರು ಅದನ್ನು ಕೇಳಿಸಿಕೊಳ್ಳಲಿಲ್ಲ. ಇನ್ನೊಂದು ಕಡೆ, ದಾಂಪತ್ಯದೊಳಗಿನ ಅತ್ಯಾಚಾರವೂ ಅಪರಾಧವೆಂದು ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠ ಒಪ್ಪಿದ್ದು ೧೯೯೧ರಲ್ಲಿ, ಈ ಕಾದಂಬರಿ ಬಂದು ಇಪ್ಪತ್ತೈದು ವರ್ಷಗಳಾದ ಮೇಲೆ. ಭಿನ್ನತೆಗಳು ಸುಳ್ಳೆಂದು ಇದರರ್ಥವಲ್ಲ. ಅವು ಒಂದೊಂದು ಸಮಾಜದ ಒಳಗೇ ಹಾದುಹೋಗುತ್ತವೆ, ಕಾಲದೊಂದಿಗೆ ಜಾಗ ಬದಲಿಸುತ್ತವೆ. ಗಂಡಸರ ನಡುವೆ ಕೂತು ಹೊಗೆ ಸೇದುತ್ತ ಸಂಕೋಚವಿಲ್ಲದೆ ಮಾತಾಡುವ ಮುದುಕಿ ಬಿಂತ್ ಮಜ್ಝೂಬಳೂ ಅದೇ ಹಳ್ಳಿಯವಳು.

ಕಾಸರಗೋಡಿನ ಓದುಗರಿಗೆ ಇಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ನೆನಪಾಗದಿರದು. ಅಲ್ಲಿಯೂ ತಂದೆಯ ಹಟ, ಅಲ್ಲಿಯೂ ಹೆಣ್ಣಿನ ಒಪ್ಪಿಗೆ ಯಾರಿಗೂ ಬೇಡ. ಹುಸ್ನಾ ಕೊಂದು ಸಾಯುತ್ತಾಳೆ, ನಾದಿರಾ ನೀರಿಗೆ ಇಳಿಯುತ್ತಾಳೆ. ಮುಖ್ಯ ವ್ಯತ್ಯಾಸ ನೋಟದ ನೆಲೆಯದು: ಸಾರಾ ಅವರ ಕಥನ ನಾದಿರಾಳ ಜೊತೆಗೇ ನಡೆಯುತ್ತದೆ, ಸಾಲಿಹ್‌ರಲ್ಲಿ ಹುಸ್ನಾಳ ಕೊನೆಯ ರಾತ್ರಿ ಬೇರೆಯವರ ಬಾಯಿಂದ ನಮಗೆ ತಲುಪುತ್ತದೆ.

ಇದೇ ಕಾದಂಬರಿಯ ಮಿತಿಯೂ ಹೌದು. ಮುಸ್ತಫಾನ ಸಹವಾಸದಲ್ಲಿ ಬಾಳು ಕಳೆದುಕೊಂಡ ಆ್ಯನ್ ಹ್ಯಾಮಂಡ್, ಶೀಲಾ ಗ್ರೀನ್‌ವುಡ್, ಇಸಬೆಲ್ಲಾ ಸೇಮೂರ್ ಮೂವರೂ ಹೆಸರು ಮತ್ತು ಹಂಬಲಗಳಾಗಿಯೇ ಉಳಿಯುತ್ತಾರೆ. ಅವರ ಕಥೆ ಹೇಳುವವನು ಮುಸ್ತಫಾ ಎಂಬ ಸಮಜಾಯಿಷಿ ಅರ್ಧ ಮಾತ್ರ ಒಪ್ಪಿಗೆಯಾಗುತ್ತದೆ. ಪೂರ್ವವನ್ನು ಚಿತ್ರಪಟವಾಗಿಸುವ ಕಣ್ಣನ್ನು ಗೇಲಿ ಮಾಡುವ ಕೃತಿ, ಪಶ್ಚಿಮದ ಹೆಂಗಸರನ್ನೂ ಚಿತ್ರಪಟವಾಗಿಸಿದೆ.

ಆದರೂ ಕೃತಿ ತನ್ನ ನಿರೂಪಕನನ್ನು ಸುಮ್ಮನೆ ಬಿಡುವುದಿಲ್ಲ. ಇಂಗ್ಲೆಂಡಿನಿಂದ ಮರಳಿದ ದಿನ, ಅಲ್ಲಿಯ ಜನ ಹೇಗೆಂದು ಕೇಳಿದ ಊರವರಿಗೆ, ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ನಮ್ಮಂತೆಯೇ ಎಂದು ಹೇಳಿದವನು ಅವನು. ಎರಡು ಭಾಷೆ ಬಲ್ಲ ವಿದ್ಯಾವಂತ, ಹುಸ್ನಾಳ ಮಕ್ಕಳಿಗೆ ಪೋಷಕ. ಅವಳನ್ನು ಉಳಿಸಲು ಅವಕಾಶವಿದ್ದವನು. ಏನೂ ಮಾಡಲಿಲ್ಲ. ಕೊನೆಯಲ್ಲಿ ನೈಲ್ ನದಿಯ ನಡುವೆ, ಉತ್ತರ ದಕ್ಷಿಣ ದಡಗಳೆರಡೂ ದೂರವಾದಾಗ, ಅವನು ಬದುಕಲು ನಿರ್ಧರಿಸುವುದು ತನ್ನವರಿಗಾಗಿ ಮತ್ತು ಮಾಡಬೇಕಾದ ಕರ್ತವ್ಯಗಳಿಗಾಗಿ. ಗಡಿಗಳಲ್ಲಿ ಕುಳಿತು, ಎರಡು ಭಾಷೆಗಳಲ್ಲಿ ಸಂಸ್ಕೃತಿಗಳ ವ್ಯತ್ಯಾಸವನ್ನು ಪಟ್ಟಿಮಾಡುವ ನಾವು ಆ ಈಜುಗಾರನನ್ನು ಮರೆಯಬಾರದು. ವ್ಯತ್ಯಾಸವನ್ನು ವಿವರಿಸಿದ ಮಾತ್ರಕ್ಕೆ ನಮ್ಮ ಹೊಣೆ ತೀರುವುದಿಲ್ಲ.