‘ಆಗುತ್ತೆ’ ಅನ್ನೋ ಸಾಹಿತ್ಯ

ಬೆಂಗಳೂರಲ್ಲಿ ಕೂತು ಊರ ಕಡೆ ಮೊದಲ ಪ್ಲಾಟ್ ಹುಡುಕೋರು ತಪ್ಪದೆ ಓದೋ ಸಾಹಿತ್ಯವೊಂದಿದೆ: ವಾಟ್ಸಾಪಿಗೆ ಬರೋ ಲೇಔಟ್ ಬ್ರೋಷರ್. ಅದರ ವ್ಯಾಕರಣ ಗಮನಿಸಿ, ಪೂರ್ತಿ ಭವಿಷ್ಯತ್ಕಾಲ. ಚಿಕ್ಕೋಡಿ ಜಿಲ್ಲೆ ಆಗುತ್ತೆ, ಎನ್.ಎ. ಆಗುತ್ತೆ, ರೇಟು ಡಬಲ್ ಆಗುತ್ತೆ.

ಭೂತಕಾಲಕ್ಕೆ ಅಲ್ಲಿ ಜಾಗವಿಲ್ಲ. 1997ರಲ್ಲಿ ಏಳು ಹೊಸ ಜಿಲ್ಲೆಗಳಾದವು, ಚಿಕ್ಕೋಡಿ ಆಗಲಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಅಥಣಿ, ಕಾಗವಾಡ, ರಾಯಬಾಗದ ಹಳ್ಳಿಗಳಿಗೆ ನುಗ್ಗಿದಳು; ಬ್ರೋಷರಿನಲ್ಲಿ ಅವಳು ಬರೀ ‘ರಿವರ್ ವ್ಯೂ’.

ನಾನೂ ಉಳಿತಾಯವೆಲ್ಲ ಬಳಿದು ಟೋಕನ್ ಕೊಡಲು ಹೊರಟಿದ್ದೆ. ರಾಯಬಾಗದ ಕಾಕಾ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು: “ತಮ್ಮಾ, ಉತಾರದಾಗ ಯಾರ ಹೆಸರ ಐತಿ?” ತೆಗೆಸಿ ನೋಡಿದರೆ ನಾಲ್ಕು ಜನರ ಜಂಟಿ ಹೆಸರು, ಬೆಳೆ ಕಬ್ಬು. ನಾನು ಕೊಳ್ಳಲು ಹೊರಟಿದ್ದ ‘ಪಾರ್ಕ್ ಫೇಸಿಂಗ್’ ಸೈಟು ಇನ್ನೂ ಹೊಲವೇ ಆಗಿತ್ತು.

2016ರ ರೇರಾ ಕಾಯ್ದೆ ಪ್ರಕಾರ 500 ಚದರ ಮೀಟರ್ ಮೀರಿದ ಹೊಸ ಲೇಔಟನ್ನು ನೋಂದಣಿ ಇಲ್ಲದೆ ಜಾಹೀರಾತು ಮಾಡುವಂತೆಯೇ ಇಲ್ಲ. ಹಾಗಾಗಿ ಬ್ರೋಷರಿನಲ್ಲಿ ಮೊದಲು ಆ ನಂಬರ್ ಹುಡುಕಿ. ಆಮೇಲೆ ಉತಾರ, ಎನ್.ಎ. ಆದೇಶ, ಇ.ಸಿ. ಓದಿ. ಅವುಗಳಲ್ಲಿ ರಸ ಕಡಿಮೆ, ಆದರೆ ಕ್ರಿಯಾಪದ ‘ಆಗಿದೆ’.